ಬಸವನಗುಡಿಯಲ್ಲಿ ಹೊಲಿದ ತಳಗೌದಿ

ಬೆಂಗಳೂರಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದವಳು ಚೊಂಬನ್ನು ಕೈಯಿಂದ ಬೀಳಿಸಿದೆ. ಹಿತ್ತಲಿನ ಮಾವಿನ ಮರಕ್ಕೂ ಹಲಸಿನ ಮರಕ್ಕೂ ನಡುವೆ ಹಸಿರು ಬಟ್ಟೆಯ ಒಂದು ಜೋಲಿ ತೂಗುತ್ತಿತ್ತು. ಒಳಗೆ ಯಾರೋ ಮಲಗಿದ್ದರು. ಒಂದು ತುದಿಯಿಂದ ನರೆತ ಜಡೆಯೊಂದು ಹೊರಗೆ ಇಳಿಬಿದ್ದಿತ್ತು. ನಮ್ಮ ಕಡೆ ಜೋಲಿಯಲ್ಲಿ ಮಲಗಿಸುವುದು ಕೂಸುಗಳನ್ನು. ದೊಡ್ಡವರನ್ನು ಹಾಗೆ ಬಟ್ಟೆಯಲ್ಲಿ ಹಾಕುವುದೆಂದರೆ ದಾರಿಯಿಲ್ಲದ ಹೊಲದಿಂದ ಕಾಯಿಲೆಯವರನ್ನು ಹೊತ್ತು ತರುವಾಗ ಮಾತ್ರ.

"ಏನ್ರೀ, ಲಗೂನ ಬರ್ರಿ! ಯಾರಿಗೋ ಏನೋ ಆಗೇತಿ!" ಎಂದು ನಮ್ಮ ಮನೆಯವರನ್ನು ಕೂಗಿದೆ.

ಅವರು ಬರುವ ಮೊದಲೇ ಜೋಲಿ ಅಲುಗಾಡಿತು. ಜಡೆ ಒಳಗೆ ಹೋಯಿತು. ಕನ್ನಡಕವಿಲ್ಲದ ಒಂದು ಮುಖ ಅಂಚಿನ ಮೇಲೆ ಎದ್ದು ಬಂತು. ನಮ್ಮ ಮನೆಯ ಮಾಲೀಕರು, ಸುಮಿತ್ರಮ್ಮನವರು. ಅರವತ್ನಾಲ್ಕು ವರ್ಷದವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು.

"ಹೆದರ್ಕೊಂಡ್ರಾ? ಏನೂ ಆಗಿಲ್ಲ ಬನ್ನಿ. ಕಾಫಿ ಆಯ್ತಾ?" ಎಂದರು.

ನಮ್ಮಲ್ಲಿ ಬೆಳಿಗ್ಗೆ ಎದುರು ಬಂದವರನ್ನು ಆರಾಮ ಅದೀರೇನ್ರಿ ಎಂದು ಕೇಳುತ್ತೇವೆ. ಇಲ್ಲಿ ಕಾಫಿ ಆಯ್ತಾ, ತಿಂಡಿ ಆಯ್ತಾ ಎಂದು ಕೇಳುತ್ತಾರೆ. ಅದು ಬರೀ ಮಾತನಾಡಿಸುವ ರೀತಿ ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಆ ದಿನ ನಿಜವಾಗಿಯೇ ಉತ್ತರ ಕೊಟ್ಟೆ: "ಇಲ್ರಿ ಅಕ್ಕೋರ, ನಾವು ಚಹಾ ಕುಡಿಯೋರು."

ನಾವು ಗದಗಿನ ಕಡೆಯವರು. ನಮ್ಮ ಮನೆಯವರು ಮುದ್ರಣ ಯಂತ್ರ ನಡೆಸುವವರು. ಅವರು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಪ್ರೆಸ್ಸನ್ನು ಮಾಲೀಕರು ಮುಚ್ಚಿದರು. ಆಗ ಚಾಮರಾಜಪೇಟೆಯ ಒಂದು ಪ್ರೆಸ್ಸಿನಿಂದ ಕರೆ ಬಂತು. ಮಕ್ಕಳಿಲ್ಲದ ನಮಗೆ ಸಾಮಾನೂ ಕಡಿಮೆ. ನನ್ನ ಹೊಲಿಗೆ ಯಂತ್ರ, ಎರಡು ಟ್ರಂಕು, ರೊಟ್ಟಿ ಕಲ್ಲು, ನಮ್ಮವ್ವ ಹೊಲಿದ ನಾಲ್ಕು ಕೌದಿ. ಮನೆ ಹುಡುಕುವಾಗ ಕೇಳಿದ್ದು ಮೂರೇ ಪ್ರಶ್ನೆ. ಯಾವ ಕಡೆಯವರು, ಎಷ್ಟು ಜನ, ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ. ಐದು ಕಡೆ ತಿರುಗಿದ ಮೇಲೆ ಬಸವನಗುಡಿಯಲ್ಲಿ ಸುಮಿತ್ರಮ್ಮನವರ ಹಳೆಯ ಮನೆಯ ಹಿಂದೆ ಒಂದು ಔಟ್‌ಹೌಸ್ ಸಿಕ್ಕಿತು. ಔಟ್‌ಹೌಸ್ ಎಂದರೆ ದೊಡ್ಡ ಮನೆಯ ಹಿತ್ತಲಲ್ಲಿ ಕಟ್ಟಿದ ಎರಡು ಕೋಣೆಯ ಸಣ್ಣ ಮನೆ. ಅವರು ಆ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. "ಮರದ ಎಲೆ ತುಂಬಾ ಉದುರತ್ತೆ. ಗುಡಿಸೋದಕ್ಕೆ ಬೇಜಾರಿಲ್ಲ ತಾನೆ?" ಎಂದಷ್ಟೇ ಕೇಳಿದರು.

ಭಾಷೆ ಒಂದೇ ಆದ್ದರಿಂದ ತೊಂದರೆಯಾಗದು ಎಂದುಕೊಂಡು ಬಂದಿದ್ದೆ. ಅಂಗಡಿಯಲ್ಲಿ ಶೇಂಗಾ ಕೇಳಿದರೆ, ಕಡಲೆಕಾಯಿ ಬೀಜಾನಾ ಎಂದು ಮರಳಿ ಕೇಳಿದರು. ಪಾತ್ರೆ ತೊಳೆಯುವುದಕ್ಕೆ ಭಾಂಡೆ ತಿಕ್ಕುವ ಪುಡಿ ಎಂದರೆ ನಕ್ಕರು. ನನ್ನ ಹೆಸರು ಗಂಗವ್ವ. ಇಲ್ಲಿ ಒಂದೇ ವಾರದಲ್ಲಿ ಗಂಗಮ್ಮ ಆದೆ. ನಾನು ತಿದ್ದಲಿಲ್ಲ. ಸುಮಿತ್ರಮ್ಮನವರೊಬ್ಬರು ಮಾತ್ರ ಸರಿಯಾಗಿ ಕೇಳಿಸಿಕೊಂಡು, ಕೊನೆಗೆ ಗಂಗಾ ಎಂದು ಕರೆದರು. ನಾನು ಅವರನ್ನು ಅಕ್ಕೋರ ಎನ್ನುತ್ತಿದ್ದೆ. ಶಾಲೆ ಕಲಿಸುವ ಹೆಂಗಸರನ್ನು ನಮ್ಮಲ್ಲಿ ಕರೆಯುವುದು ಹಾಗೇ ಎಂದು ಹೇಳಿದಾಗ ಅವರಿಗೆ ಖುಷಿಯಾಯಿತು. "ಮೇಡಂಗಿಂತ ಎಷ್ಟೋ ಚೆನ್ನಾಗಿದೆ, ಹಾಗೇ ಕರೀರಿ" ಎಂದರು.

ಊಟಕ್ಕೆ ಹೊಂದಿಕೊಂಡೆವು. ಸಾಂಬಾರಿಗೆ ಬೆಲ್ಲ ಹಾಕುವುದನ್ನು ನಮ್ಮ ಮನೆಯವರು ಇನ್ನೂ ಕ್ಷಮಿಸಿಲ್ಲ, ಅಷ್ಟೆ. ಹೊಂದಿಕೊಳ್ಳಲಾಗದ್ದು ಮಧ್ಯಾಹ್ನಗಳಿಗೆ. ನಮ್ಮೂರಲ್ಲಿ ಊಟವಾದ ಮೇಲೆ ಕಟ್ಟೆಯ ಮೇಲೆ ನಾಲ್ಕು ಜನ ಹೆಂಗಸರು ಬಂದು ಕೂರುತ್ತಿದ್ದರು. ಒಬ್ಬರ ಮಡಿಲಲ್ಲಿ ಅಕ್ಕಿ, ಇನ್ನೊಬ್ಬರ ಮಡಿಲಲ್ಲಿ ಕೌದಿ. ಇಲ್ಲಿ ಗೇಟು ಮುಚ್ಚಿರುತ್ತದೆ. ಸೀರೆಗೆ ಫಾಲ್ಸ್ ಹಾಕುವ, ಬ್ಲೌಸು ಹೊಲಿಯುವ ಕೆಲಸ ಸ್ವಲ್ಪ ಸಿಕ್ಕಿತು. ಗಿರಾಕಿಗಳು ಗೇಟಿನ ಹತ್ತಿರವೇ ಬಟ್ಟೆ ಕೊಟ್ಟು ಗೇಟಿನ ಹತ್ತಿರವೇ ಒಯ್ಯುತ್ತಿದ್ದರು. ಕೆಲವು ದಿನ ನಾನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರ ತನಕ ಬಾಯಿ ಬಿಡದೆ ಇದ್ದದ್ದುಂಟು.

ಹೀಗಿದ್ದಾಗ, ದಸರೆ ಮುಗಿದ ಮೇಲೆ ಒಂದು ದಿನ ಕೌದಿಗಳನ್ನು ಬಿಸಿಲಿಗೆ ಹಾಕಿದ್ದೆ. ಸುಮಿತ್ರಮ್ಮನವರು ಬಂದು ಒಂದರ ಅಂಚು ಹಿಡಿದು, ಹೊಲಿಗೆಯ ಸಾಲುಗಳ ಮೇಲೆ ಬೆರಳು ಆಡಿಸಿದರು.

"ಇದನ್ನ ಕೈಯಲ್ಲೇ ಹೊಲೀತೀರಾ?"

"ಹೌದ್ರಿ ಅಕ್ಕೋರ. ಹಳೇ ಸೀರಿ, ಧೋತರ ಒಂದರ ಮ್ಯಾಲ ಒಂದು ಹಾಸಿ, ಒತ್ತಾಗಿ ದಾರ ಹಾಕೋದು. ನಮ್ಮವ್ವ ಕಲಿಸಿದ್ದು."

"ಹಾಗಾದ್ರೆ ನನಗೊಂದು ಹೊಲ್ಕೊಡ್ತೀರಾ? ಮೈಮೇಲೆ ಹೊದಿಯೋಕಲ್ಲ. ಹ್ಯಾಮಕ್ ಕೆಳಗೆ ಕಟ್ಟೋಕೆ."

ಹ್ಯಾಮಕ್ ಎಂದರೆ ಆ ಹಸಿರು ಜೋಲಿ. ಅವರ ಬೆನ್ನಿನ ಮೂಳೆಗಳ ನಡುವೆ ಸವೆತ ಇತ್ತು. ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ಏಳಲಾಗುತ್ತಿರಲಿಲ್ಲ. ಆದರೆ ಗಿಡಮರ ನೋಡಲು ಬೆಟ್ಟ ಸುತ್ತುವುದು ಅವರ ಜೀವ. ಹಳೆಯ ಸಹೋದ್ಯೋಗಿಗಳಾದ ಇಬ್ಬರು ಗೆಳತಿಯರ ಜೊತೆ ತಿಂಗಳಿಗೊಮ್ಮೆ ಹೊರಡುತ್ತಿದ್ದರು. ಜೋಲಿಯಲ್ಲಿ ಬೆನ್ನಿಗೆ ನೋವಿಲ್ಲ, ಆದರೆ ಚಳಿ. ಹೊದ್ದದ್ದು ಎಷ್ಟೇ ದಪ್ಪವಿದ್ದರೂ ಬೆನ್ನಿನ ಕೆಳಗೆ ಸಿಕ್ಕಿದ್ದು ಮೈಭಾರಕ್ಕೆ ಚಪ್ಪಟೆಯಾಗುತ್ತದೆ, ಕೆಳಗಿನಿಂದ ಗಾಳಿ ಬೀಸಿ ಇದ್ದ ಶಾಖವನ್ನೆಲ್ಲ ಒಯ್ಯುತ್ತದೆ. ಅದಕ್ಕೆ ಹೊರದೇಶಗಳಲ್ಲಿ ಜೋಲಿಯ ಹೊರಗಡೆ, ತಳಕ್ಕೆ ತಾಗಿದ ಹಾಗೆ, ಇನ್ನೊಂದು ಹೊದಿಕೆಯನ್ನು ತೂಗುಹಾಕುತ್ತಾರಂತೆ. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ನಾನು ತಳಗೌದಿ ಎಂದೆ. ಅವರೂ ಹಾಗೇ ಕರೆಯತೊಡಗಿದರು.

ಹದಿನೈದು ದಿನದಲ್ಲಿ ಹೊಲಿದು ಕೊಟ್ಟೆ. ಏಳು ಪದರ, ಬೆರಳು ತೂರದಷ್ಟು ಒತ್ತು ಹೊಲಿಗೆ, ನಾಲ್ಕು ಮೂಲೆಗೆ ಗಟ್ಟಿ ಕುಣಿಕೆ. ಸುಮಿತ್ರಮ್ಮನವರು ಅದನ್ನು ಎತ್ತಿ ಎರಡೂ ಕೈಯಲ್ಲಿ ತೂಗಿ ನೋಡಿದರು. "ತುಂಬಾ ಚೆನ್ನಾಗಿದೆ ಗಂಗಾ" ಎಂದರು. ಹಾಗೆ ತೂಗಿ ನೋಡಿದ್ದನ್ನು ನಾನು ಗಮನಿಸಿದ್ದೆ. ಹೊಲಿಗೆ ಎಷ್ಟು ಗಟ್ಟಿ ಎಂದು ಮೆಚ್ಚುತ್ತಿದ್ದಾರೆ ಎಂದುಕೊಂಡೆ.

ಡಿಸೆಂಬರಿನಲ್ಲಿ ಅದನ್ನು ತೆಗೆದುಕೊಂಡು ಕೋಲಾರದ ಕಡೆ ಒಂದು ಬೆಟ್ಟದ ಬುಡಕ್ಕೆ ಹೋದರು. ಅಲ್ಲಿ ಅವರ ಗೆಳತಿಯೊಬ್ಬರ ಮಾವಿನ ತೋಪಿದೆ. ಮರುದಿನ ಮಧ್ಯಾಹ್ನ ಗೇಟಿನ ಮುಂದೆ ಕಾರು ನಿಂತಾಗ, ಆ ಇಬ್ಬರು ಗೆಳತಿಯರು ಅವರನ್ನು ಎರಡೂ ಕಡೆ ಹಿಡಿದುಕೊಂಡು ಇಳಿಸಿದರು. ಬೆನ್ನು ಹಿಡಿದುಕೊಂಡಿತ್ತು. ನಿಲ್ಲಲಾಗುತ್ತಿರಲಿಲ್ಲ. ಜೊತೆಗೆ ಜ್ವರ, ಎದೆಯಿಂದ ಬರುವ ಕೆಮ್ಮು. ಡಾಕ್ಟರು ಎರಡು ವಾರ ಹಾಸಿಗೆ ಬಿಟ್ಟು ಏಳಬಾರದು ಎಂದರು.

ಸಂಜೆ ಅವರ ತಮ್ಮ ಶ್ರೀಧರ ಅವರು ತ್ಯಾಗರಾಜನಗರದಿಂದ ಬಂದರು. ನಾನು ಗಂಜಿ ತೆಗೆದುಕೊಂಡು ಒಳಗೆ ಹೋದಾಗ ಅವರು ಬಾಗಿಲ ಬಳಿ ಬಿದ್ದಿದ್ದ ಕೌದಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಕೇಳಿದರು: "ಇದೇನಕ್ಕಾ ಇದು, ಕಲ್ಲು ಕಟ್ಟಿದ ಹಾಗಿದೆ. ಇದನ್ನ ಕಟ್ಕೊಂಡು ನೇತಾಡೋಕೆ ಹೋಗಿದ್ಯಾ? ಯಾರು ಮಾಡ್ಕೊಟ್ಟಿದ್ದು?"

ಸುಮಿತ್ರಮ್ಮನವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅವರು ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು.

"ನಾ ಹೊಲಿದದ್ದ್ರಿ" ಎಂದೆ.

ಶ್ರೀಧರ ಅವರು ನನ್ನನ್ನು ನೋಡಿ ಸ್ವಲ್ಪ ಸಂಕೋಚಪಟ್ಟರು. ಆದರೆ ಮಾತು ನಿಲ್ಲಿಸಲಿಲ್ಲ. "ಸಾಕಕ್ಕಾ. ಈ ವಯಸ್ಸಲ್ಲಿ ಈ ಹುಚ್ಚು ಬೇಡ. ನಮ್ಮನೇಗೆ ಬಂದ್ಬಿಡು. ಇಷ್ಟು ದೊಡ್ಡ ಮನೇಲಿ ಒಬ್ಬಳೇ ಏನ್ಮಾಡ್ತೀಯ? ಇದನ್ನ ಒಳ್ಳೆ ಬಿಲ್ಡರ್ ಕೈಗೆ ಕೊಡೋಣ."

ಬಿಲ್ಡರ್ ಎಂಬ ಮಾತು ಬಿದ್ದಾಗ ಗಂಜಿಯ ಬಟ್ಟಲು ನನ್ನ ಕೈಯಲ್ಲೇ ಇತ್ತು. ಬಿಲ್ಡರ್ ಕೈಗೆ ಹೋದರೆ ಈ ಮನೆ, ಮರ, ನಮ್ಮ ಔಟ್‌ಹೌಸ್ ಯಾವುದೂ ಉಳಿಯುವುದಿಲ್ಲ. ಶ್ರೀಧರ ಅವರು ಹೋದ ಮೇಲೆ ನಾನು ಹಾಸಿಗೆಯ ಪಕ್ಕ ಕೂತು ಕೇಳಿದೆ: "ಖರೇ ಹೇಳ್ರಿ ಅಕ್ಕೋರ. ಏನಾತು ಅಲ್ಲಿ?"

ಆಗ ಹೇಳಿದರು. ಕೌದಿ ತನ್ನ ಭಾರಕ್ಕೆ ತಾನೇ ಜಗ್ಗಿ, ಜೋಲಿಯಿಂದ ಒಂದು ಗೇಣು ಕೆಳಗೆ ಇಳಿದಿತ್ತು. ನಡುವಿನ ಸಂದಿಯಲ್ಲಿ ಬೆಳಗಿನವರೆಗೆ ಗಾಳಿ ಓಡಾಡಿತ್ತು. "ಒತ್ತಾಗಿ ಹೊಲಿದ್ರೆ ಒಳಗೆ ಗಾಳಿ ನಿಲ್ಲಲ್ಲ ಗಂಗಾ. ಬೆಚ್ಚಗಿಡೋದು ಬಟ್ಟೆ ಅಲ್ಲ, ಒಳಗೆ ಅಲ್ಲಾಡದೆ ನಿಂತ ಗಾಳಿ. ನಾನು ಮೊದಲೇ ಹೇಳ್ಬೇಕಿತ್ತು. ಅಷ್ಟು ಪ್ರೀತಿಯಿಂದ ಮಾಡಿದ್ರಿ, ಬಾಯಿ ಬರಲಿಲ್ಲ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ನಮ್ಮಲ್ಲಿ ಕೌದಿ ನೋಡಲು ಬಂದ ಹೆಂಗಸರು ಮೊದಲು ನೋಡುವುದೇ ಹೊಲಿಗೆ ಎಷ್ಟು ಒತ್ತಾಗಿದೆ ಎಂದು. ನನ್ನ ಮದುವೆಗೆ ಮುಂಚೆ ಅತ್ತೆ ಮನೆಯವರಿಗೆ ತೋರಿಸಿದ್ದೂ ಅದನ್ನೇ. ಮೂವತ್ತು ವರ್ಷ ಯಾವುದರಿಂದ ಒಳ್ಳೆಯ ಹೆಸರು ಬಂದಿತ್ತೋ ಅದೇ ಇಲ್ಲಿ ಒಬ್ಬರನ್ನು ಹಾಸಿಗೆ ಹಿಡಿಸಿತ್ತು. ಊರಿಗೆ ವಾಪಸು ಹೋಗೋಣ ಎಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಪ್ರೆಸ್ಸಿನ ಮಸಿ ತಿಕ್ಕಿ ತೊಳೆಯುತ್ತಾ, "ಹೋಗೂಣಂತ. ಆದರ ಅವರು ಎದ್ದು ಅಡ್ಡಾಡಲಿ ಮೊದಲು" ಎಂದರು.

ಆ ಎರಡು ವಾರ ಬೆಳಿಗ್ಗೆ ಸಂಜೆ ಅವರ ಜೊತೆಗಿದ್ದೆ. ಅವರಿಗೆ ಸ್ನಾನಕ್ಕೆ ಸಹಾಯ, ಊಟ, ಔಷಧಿ. ಉಳಿದ ಹೊತ್ತು ನಾವಿಬ್ಬರೂ ತಳಗೌದಿಯ ವಿಷಯ ಮಾತಾಡಿದೆವು. ಅವರು ಮಲಗಿಕೊಂಡೇ ಫೋನಿನಲ್ಲಿ ಚಿತ್ರಗಳನ್ನು ತೋರಿಸಿದರು. ಚಳಿಗೆ ಗುಬ್ಬಿ ಪುಕ್ಕ ಉಬ್ಬಿಸಿಕೊಳ್ಳುವುದು ಏಕೆಂದು ಪಾಠ ಮಾಡಿದರು. ನಾನು ಚಿಕ್ಕಪೇಟೆಗೆ ಹೋಗಿ ತೆಳ್ಳಗಿನ ಪ್ಯಾರಾಚೂಟ್ ಬಟ್ಟೆ ತಂದೆ. ಜಾಕೀಟುಗಳ ಒಳಗೆ ಹಾಕುವ ಅರಳೆಯಂಥ ಹಾಳೆಯನ್ನು ಇಲ್ಲಿ ವ್ಯಾಡಿಂಗ್ ಎನ್ನುತ್ತಾರೆ. ಅಂಗಡಿಯವನು ಎಷ್ಟು ದಪ್ಪದ್ದು ಬೇಕು ಎಂದು ಕೇಳಿದಾಗ, ಒಂದು ತುಂಡನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟು ನೋಡಿದೆ. ಬಿಟ್ಟ ಕೂಡಲೇ ಉಬ್ಬಿ ಮೇಲೆದ್ದದ್ದನ್ನು ಆರಿಸಿದೆ.

ಪ್ಯಾರಾಚೂಟ್ ಬಟ್ಟೆ ಹಾವಿನ ಹಾಗೆ ಜಾರುತ್ತದೆ. ಗುಂಡುಪಿನ್ನು ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸುತ್ತಲೂ ಸಿಕ್ಕಿಸಿ, ಎಲ್ಲಕ್ಕಿಂತ ಸಣ್ಣ ಸೂಜಿ ಹಾಕಿ, ಅಂಚಿಗೆ ಮಾತ್ರ ಹೊಲಿಗೆ ಓಡಿಸಿದೆ. ನಡುವೆ ಹೊಲಿಯಬಾರದು. ಹೊಲಿದಲ್ಲೆಲ್ಲ ವ್ಯಾಡಿಂಗ್ ಅದುಮಿ ಗೆರೆ ಬಿದ್ದು, ಆ ಗೆರೆಯುದ್ದಕ್ಕೂ ಚಳಿ ಒಳಗೆ ಬರುತ್ತದೆ. ಒಳಗಿನ ಹಾಳೆ ಸರಿಯದಂತೆ ಅಲ್ಲಲ್ಲಿ ಸಡಿಲವಾಗಿ ಒಂದೊಂದು ದಾರದ ಕುಣಿಕೆ, ಅಷ್ಟೆ. ಇಷ್ಟು ಅಗಲದ ಖಾಲಿ ಬಟ್ಟೆಯನ್ನು ಹೊಲಿಯದೆ ಬಿಡುವುದು ನನ್ನ ಕೈಗೆ ಬಹಳ ಕಷ್ಟವಾಯಿತು. ಕೈ ತಾನಾಗಿಯೇ ಸೂಜಿ ಹುಡುಕುತ್ತಿತ್ತು.

ಹೊಲಿದದ್ದನ್ನು ಜೋಲಿಯ ಕೆಳಗೆ ಕಟ್ಟಿ ನೋಡಿದೆ. ಈ ಸಲ ಹಗುರವಾಗಿತ್ತು. ಆದರೂ ಸೊಂಟದ ಹತ್ತಿರ ತಾಗಿದರೆ ಹೆಗಲಿನ ಹತ್ತಿರ ಬಾಯಿ ಬಿಡುತ್ತಿತ್ತು. ಎರಡು ಸಲ ಬಿಚ್ಚಿ ಕಟ್ಟಿದೆ. ಮೂರನೆಯ ಸಲ, ಹಲಸಿನ ಮರಕ್ಕೆ ಒರಗಿ ನೋಡುತ್ತಾ ನಿಂತಿದ್ದಾಗ ಹೊಳೆಯಿತು: ಚಪ್ಪಟೆ ಬಟ್ಟೆ ದುಂಡನೆಯ ಮೈಗೆ ಕೂರಬೇಕಾದರೆ ಅದನ್ನು ಅಲ್ಲಲ್ಲಿ ಮಡಿಸಿ ಚೂಪಾಗಿ ಹೊಲಿದು ಟಕ್ಸ್ ಹಿಡಿಯಬೇಕು. ಬ್ಲೌಸಿಗೆ ದಿನಾ ಹಿಡಿಯುವವಳು ನಾನು. ಹೊರಗಿನ ಬಟ್ಟೆಯನ್ನು ಒಳಗಿನದ್ದಕ್ಕಿಂತ ಸ್ವಲ್ಪ ದೊಡ್ಡದು ಮಾಡಿ, ಹೆಗಲಿಗೆ ಎರಡು, ಮೊಣಕಾಲಿಗೆ ಎರಡು ಟಕ್ಸ್ ಹಾಕಿದೆ. ಎರಡೂ ತುದಿಗೆ ಎಲಾಸ್ಟಿಕ್ ಹುರಿ ಪೋಣಿಸಿದೆ. ಕಟ್ಟಿದಾಗ ಅದು ಜೋಲಿಗೆ ಹತ್ತಿ ಕೂತಿತು.

ಧನುರ್ಮಾಸದ ಪೂಜೆಗೆ ಗುಡಿಯ ಗಂಟೆ ಕೇಳುವ ಬೆಳಗಿನ ಚಳಿಯಲ್ಲಿ ನಾನೇ ಹತ್ತಿ ಮಲಗಿ ಪರೀಕ್ಷಿಸಿದೆ. ಮೊದಲನೆಯ ಸಲ ಇನ್ನೊಂದು ಕಡೆಯಿಂದ ನೆಲಕ್ಕೆ ಬಿದ್ದೆ. ಎರಡನೆಯ ಸಲ ನಮ್ಮ ಮನೆಯವರು ಹಿಡಿದುಕೊಂಡರು. ಹತ್ತು ನಿಮಿಷ ಮಲಗಿದ್ದೆ. ಎದ್ದು ಬರಲು ಮನಸ್ಸಾಗಲಿಲ್ಲ. ಅಷ್ಟೇ ಪರೀಕ್ಷೆ.

ಸುಮಿತ್ರಮ್ಮನವರು ಎದ್ದು ಓಡಾಡತೊಡಗಿದ್ದರು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಆ ತೋಪಿಗೆ ಹೋಗುತ್ತೇನೆ ಎಂದಾಗ ಶ್ರೀಧರ ಅವರು ಬಂದು ಕೂತರು.

"ಇನ್ನೊಂದ್ಸಲ ಹಾಗೆ ಆದ್ರೆ?"

"ಆದ್ರೆ ನಿಮ್ಮನೇಗೆ ಬಂದ್ಬಿಡ್ತೀನಿ. ಆಮೇಲೆ ನೀನು ಹೇಳಿದ ಹಾಗೆ" ಎಂದರು ಸುಮಿತ್ರಮ್ಮನವರು. ಅದನ್ನು ಹೇಳುವಾಗ ಅವರು ಕಿಟಕಿಯ ಆಚೆ ಮಾವಿನ ಮರ ನೋಡುತ್ತಿದ್ದರು.

ಶ್ರೀಧರ ಅವರು ನನ್ನ ಕಡೆ ತಿರುಗಿದರು. "ನೀವು ಜೊತೇಲಿ ಹೋಗ್ತೀರಾ? ನೀವು ಹೋದ್ರೆ ನಾನು ಬೇಡ ಅನ್ನಲ್ಲ."

ಹೋದೆ. ನನ್ನ ಜೀವನದಲ್ಲಿ ಗಂಡನನ್ನು ಬಿಟ್ಟು, ತವರಿಗಲ್ಲದೆ, ಬೇರೆ ಊರಲ್ಲಿ ಉಳಿದದ್ದು ಅದೇ ಮೊದಲು. ಊರಲ್ಲಿ ಬೇಸಿಗೆಗೆ ಎಲ್ಲರೂ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದೆವು, ಆದ್ದರಿಂದ ಆಕಾಶ ಹೊಸದಲ್ಲ. ನೆಲದಿಂದ ಮೇಲೆ ತೂಗುತ್ತಾ ಮಲಗುವುದು ಹೊಸದು. ಸಂಜೆ ನನ್ನ ಕೈಯಾರೆ ತಳಗೌದಿ ಕಟ್ಟಿ, ಸಂದಿ ಇದೆಯೇ ಎಂದು ಸುತ್ತಲೂ ಬೆರಳು ಹಾಕಿ ನೋಡಿದೆ. ಆಮೇಲೂ ಎರಡು ಸಲ ಎದ್ದು ನೋಡಿದೆ.

ಬೆಳಗಾಯಿತು. ಹುಲ್ಲಿನ ಮೇಲೆ ಇಬ್ಬನಿ ದಪ್ಪಗೆ ಕೂತಿತ್ತು. ಉಸಿರು ಬಿಟ್ಟರೆ ಹೊಗೆ. ಜೊತೆಗೆ ಬಂದಿದ್ದ ಗೆಳತಿಯರಿಬ್ಬರೂ ಎದ್ದು ಒಲೆ ಹೊತ್ತಿಸಿದರು. ಯಾವಾಗಲೂ ಐದಕ್ಕೇ ಏಳುವ ಸುಮಿತ್ರಮ್ಮನವರು ಏಳು ಗಂಟೆಯಾದರೂ ಅಲುಗಾಡಲಿಲ್ಲ. ಕೂಗಲು ಹೆದರಿಕೆ. ಮೆಲ್ಲಗೆ ಹೋಗಿ ಜೋಲಿಗೂ ತಳಗೌದಿಗೂ ನಡುವೆ ಕೈ ತೂರಿಸಿದೆ. ಒಳಗೆ ಆಗಷ್ಟೇ ರೊಟ್ಟಿ ಹಾಕಿಟ್ಟ ಬುಟ್ಟಿಯ ಬಿಸುಪು.

ಕಣ್ಣು ತೆಗೆಯದೆಯೇ ಅವರು ಹೇಳಿದರು: "ಕೈ ತೆಗೀರಿ ಗಂಗಾ. ತಣ್ಣಗಿದೆ."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ. ಅವರು ಇನ್ನೂ ಅರ್ಧ ಗಂಟೆ ನಿದ್ದೆ ಮಾಡಿದರು.

ನಾವು ಇಲ್ಲಿಗೆ ಬಂದು ಈಗ ನಾಲ್ಕು ವರ್ಷ. ಮನೆ ಹಾಗೇ ಇದೆ, ಮರಗಳೂ ಇವೆ. ಸುಮಿತ್ರಮ್ಮನವರ ಗೆಳತಿಯರಿಗೆ ಎರಡು, ಅವರ ಗುರುತಿನವರಿಗೆ ಕೆಲವು ತಳಗೌದಿ ಹೊಲಿದೆ. ಮಲ್ಲೇಶ್ವರದ ಒಬ್ಬರು ಮೇಲೆ ಹೊದೆಯಲೂ ಅಂಥದ್ದೇ ಬೇಕೆಂದು ಕೇಳಿದ್ದರಿಂದ, ಕಾಲಿನ ಕಡೆ ಚೀಲದ ಹಾಗೆ ಮುಚ್ಚಿದ ಒಂದು ಬಗೆ ಕಲಿತೆ. ಅಳತೆ ಕೊಡಲು ಬಂದವರು ಈಗ ಗೇಟಿನ ಬಳಿ ನಿಲ್ಲುವುದಿಲ್ಲ. ಮಲಗಿ ನೋಡಬೇಕಲ್ಲ, ಹಿತ್ತಲಿಗೆ ಬರುತ್ತಾರೆ, ಕೂರುತ್ತಾರೆ, ಚಹಾ ಕುಡಿಯುತ್ತಾರೆ. ಶ್ರೀಧರ ಅವರೂ ಒಂದು ಹೊಲಿಸಿಕೊಂಡರು. ಬಾಲ್ಕನಿಯಲ್ಲಿ ಕಟ್ಟುತ್ತಾರಂತೆ. ಅಕ್ಕನಿಗೆ ಹೇಳಬೇಡಿ ಎಂದಿದ್ದಾರೆ. ಅಕ್ಕನಿಗೆ ಗೊತ್ತಿದೆ.

ಕಳೆದ ಚಳಿಗಾಲದಲ್ಲಿ ಊರಿಗೆ ಹೋಗುವಾಗ ಹೊದೆಯುವ ಬಗೆಯದೊಂದನ್ನು ನಮ್ಮವ್ವನಿಗೆ ಒಯ್ದೆ. ಅವ್ವ ನನ್ನ ತಮ್ಮನ ಸಂಸಾರದ ಜೊತೆ ಗಟ್ಟಿಮುಟ್ಟಾಗಿದ್ದಾಳೆ. ಮಡಿಲಲ್ಲಿ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ನಡುವ ಹೊಲಿದೇ ಇಲ್ಲಲ್ಲ ಗಂಗಿ. ಬ್ಯಾಸರ ಬಂತೇನು?"

"ಹಂಗೇ ಇರಬೇಕವ್ವ ಇದು. ಹೊಲಿದರ ಚಳಿ ಹೊಗತೈತಿ."

ಅವ್ವ ನಂಬಲಿಲ್ಲ. ಆದರೂ ಆ ದಿನ ಅದನ್ನೇ ಹೊದ್ದು ಮಲಗಿದಳು. ಬೆಳಿಗ್ಗೆ ಎದ್ದು, "ಬೆಚ್ಚಗ ಐತಿ, ಖರೇ. ಆದರ ಮೈಮ್ಯಾಲ ಏನೋ ಐತಿ ಅನಸೂದಿಲ್ಲ. ಭಾರ ಇಲ್ಲಂದ್ರ ನನಗ ನಿದ್ದಿ ಹತ್ತೂದಿಲ್ಲವ್ವ" ಎಂದಳು. ಊಟವಾದ ಮೇಲೆ ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಹರಿದು, ನಾಲ್ಕೂ ಅಂಚಿಗೆ ಎರಡು ಪದರ ಪಟ್ಟಿ ಇಟ್ಟು, ಒತ್ತಾಗಿ ಹೊಲಿಯತೊಡಗಿದಳು. ಕಟ್ಟೆಯ ಮೇಲೆ ಇನ್ನಿಬ್ಬರು ಬಂದು ಕೂತರು. ನಾನು ಒಂದು ತುದಿ ಹಿಡಿದುಕೊಂಡೆ. ಮೊದಲಾಗಿದ್ದರೆ, ಅಂಚು ಅದುಮಿದರೆ ಅಲ್ಲಿ ಚಳಿ ಬರುತ್ತದೆ ಎಂದು ಹೇಳುತ್ತಿದ್ದೆ. ಹೇಳಲಿಲ್ಲ. ಅವಳಿಗೆ ಬೇಕಾದದ್ದು ಅವಳಿಗೆ ಗೊತ್ತು.

ಪಕ್ಕದ ಮನೆಯ ನೀಲವ್ವ ಯಾವಾಗ ಹೊರಡುತ್ತೀ ಎಂದು ಕೇಳಿದಳು. "ಭಾನುವಾರ ಮನೆಗೆ ಹೋಗ್ಬೇಕು" ಎಂದುಬಿಟ್ಟೆ. ಬಾಯಲ್ಲಿ ಬಂದದ್ದು ಬಸವನಗುಡಿಯ ಮಾತು. ನೀಲವ್ವ ನಕ್ಕಳು. ಅವ್ವ ಸೂಜಿ ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿ, ಮತ್ತೆ ಹೊಲಿಗೆ ಮುಂದುವರಿಸಿದಳು. ಭಾನುವಾರ ಇಲ್ಲಿಗೆ ಬಂದು ಇಳಿದಾಗ ಆಟೋದವರು ನನ್ನ ಮಾತು ಕೇಳಿ, "ನೀವು ಊರಿಂದ ಬಂದಿದೀರಾ ಅಮ್ಮ? ಎಷ್ಟು ದಿನ ಇರ್ತೀರಾ?" ಎಂದು ಕೇಳಿದರು. ಬಸವನಗುಡಿಗೆ ಬಿಡಿ ಎಂದೆ.

ನಮ್ಮ ಕಡೆಯವರು ಫೋನಿನಲ್ಲಿ ಕೇಳುವುದು ಒಂದೇ: ಹೊಂದಿಕೊಂಡಿರಾ? ಹೊಂದಿಕೊಂಡಿದ್ದೇವೆ. ಊರಿಗೆ ಹೋದಾಗ ಮೊದಲ ಎರಡು ದಿನ ನನಗೆ ನಿದ್ದೆ ಬರುವುದಿಲ್ಲ. ಇಲ್ಲಿಗೆ ವಾಪಸು ಬಂದಾಗಲೂ ಎರಡು ದಿನ ಬರುವುದಿಲ್ಲ.